ತೆಫೂ ಹೆಸರಿನ ಸರ್ವರ್

ಹ್ವಾಲಿಯೆನ್ ಊರಿನ ನಮ್ಮ ಗ್ರಂಥಾಲಯದ ಕಂಪ್ಯೂಟರುಗಳನ್ನು ಹದಿನೆಂಟು ವರ್ಷ ನೋಡಿಕೊಂಡವರು ಯುನ್‌ಚೆನ್ ಮತ್ತು ಆಕೆಯ ಗಂಡ ತೆಫೂ. ಅವನ್ನೆಲ್ಲ ಇಂಟರ್ನೆಟ್ಟಿಗೆ ದಾಟಿಸುವ ಪ್ರಾಕ್ಸಿ ಸರ್ವರನ್ನು ಲಿನಕ್ಸ್ ಯಂತ್ರದಲ್ಲಿ ಕೂರಿಸಿದ್ದು ತೆಫೂ. ಆತ ತೀರಿಕೊಂಡ ಮೂರನೆಯ ವಾರ, ಕಚೇರಿಯ ನಿಯಮದಂತೆ ಯಂತ್ರದಲ್ಲಿದ್ದ ಆತನ ಖಾತೆಯನ್ನು ಯುನ್‌ಚೆನ್ ಕೈಯಾರೆ ಅಳಿಸಿದ್ದಳು. ಆಗಲೇ ಓಡುತ್ತಿದ್ದ ಸರ್ವರ್ ಮಾತ್ರ ನಿಲ್ಲದೆ ಓಡುತ್ತಲೇ ಇತ್ತು.

ಮೊನ್ನೆ ಭೂಮಿ ನಡುಗಿ ಕರೆಂಟು ಹೋಗಿ ಬಂದ ಮೇಲೆ ಪ್ರಾಕ್ಸಿ ಏಳಲೇ ಇಲ್ಲ. ಆಕೆ ಪೋರ್ಟ್ ನೋಡಿದಳು, ಡಿಸ್ಕಿನಲ್ಲಿ ಜಾಗ ನೋಡಿದಳು, ಎಲ್ಲ ಸರಿಯಿತ್ತು. ಕೊನೆಗೆ, ಯಂತ್ರ ತನ್ನ ತೊಂದರೆಗಳನ್ನು ಬರೆದಿಡುವ ಲಾಗ್ ತೆರೆದು ಓದಿದವಳು ಹಾಗೇ ಕುಳಿತುಬಿಟ್ಟಳು.

“ಏನಂತೆ ಅಕ್ಕಾ ಅದಕ್ಕೆ?” ಎಂದೆ.

“ತೆಫೂ ಅನ್ನೋರು ಯಾರೂ ಇಲ್ವಂತೆ ಕಣೇ. ಸರ್ವರನ್ನ ತನ್ನ ಹೆಸರಲ್ಲೇ ಓಡಿಸ್ತಿದ್ದ, ಸೋಮಾರಿ! ಎಷ್ಟು ಸಲ ಬೈದಿದ್ದೆ.”

“ಆ ಹೆಸರನ್ನೇ ಮತ್ತೆ ಸೇರಿಸಿಬಿಡಿ, ಏಳಲ್ವಾ?”

“ಏಳುತ್ತೆ. ಆಮೇಲೆ ಮತ್ತೆ ಅಳಿಸು ಅಂತಾರೆ. ಇನ್ನೊಂದು ಸಲ ನನ್ನ ಕೈಲಾಗಲ್ಲ.”

ಸರ್ವರಿನ ಸೆಟ್ಟಿಂಗಿನಲ್ಲಿ ಆತನ ಹೆಸರಿದ್ದ ಸಾಲನ್ನು ತಿದ್ದಿ, ಬರೀ ‘ಪ್ರಾಕ್ಸಿ’ ಎಂಬ ಹೊಸ ಖಾತೆ ಮಾಡಿ, ಆತನ ಕಡತಗಳನ್ನೆಲ್ಲ ಅದಕ್ಕೆ ವಹಿಸಿದಳು. ಸರ್ವರ್ ಒಡನೆಯೇ ಎದ್ದಿತು. ಓದುವ ಕೋಣೆಯಿಂದ “ಬಂತು, ಬಂತು!” ಎಂಬ ಕೂಗು ಕೇಳಿಸಿತು. ಯುನ್‌ಚೆನ್ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು, ಗಂಡನ ಶವದ ಮುಂದೆಯೂ ಅಳದಷ್ಟು ಅತ್ತಳು.