ಅತಿಯಾಗಿ ಸೋಸಿದ ಸಕ್ಕರೆ

೨೦೦೪ನೆಯ ಇಸವಿ. ನನಗಾಗ ನಲವತ್ತೇಳು ವರ್ಷ, ಎರಡು ತಿಂಗಳು. ತಿಂಗಳನ್ನೂ ಹೇಳಿದೆನೆಂದು ನಗಬೇಡಿ. ಇಪ್ಪತ್ತು ವರ್ಷ ಜಯನಗರದ ಶಾಲೆಯೊಂದರಲ್ಲಿ ಮಕ್ಕಳ ಅಂಚುಗೆರೆಯನ್ನೂ ಅಳೆದು ನೋಡಿದವನು ಸ್ವಯಂನಿವೃತ್ತಿ ಪಡೆದ ಮಾತ್ರಕ್ಕೆ ಸಡಿಲವಾಗುವುದಿಲ್ಲ. ಅಳೆಯಲು ಮಕ್ಕಳು ಸಿಗದ ಕಾರಣ ಆ ವರ್ಷ ಅಡುಗೆಮನೆಗೆ ನುಗ್ಗಿದೆ.

ಶ್ರೀನಗರದ ನಮ್ಮ ಮನೆಯ ಮಹಡಿಯಲ್ಲಿ ಧಾರವಾಡದ ಶೈಲಜಾ ಬಾಡಿಗೆಗಿದ್ದಳು, ಸಂಶೋಧನ ವಿದ್ಯಾರ್ಥಿನಿ. ಬ್ಯಾಕ್ಟೀರಿಯಾವೊಂದರ ಕಿಣ್ವ ಅವಳ ವಿಷಯ. ಅದು ಹಣ್ಣಿನ ಸಕ್ಕರೆಯನ್ನು, ಪ್ರಕೃತಿಯಲ್ಲಿ ತೀರ ಅಪರೂಪವಾದ ಮತ್ತೊಂದು ಸಕ್ಕರೆಯಾಗಿಸುತ್ತದೆ. ಎರಡಕ್ಕೂ ಭೇದ ಇಷ್ಟೇ: ಮೂರನೆಯ ಇಂಗಾಲಕ್ಕೆ ಅಂಟಿದ ಕವಲೊಂದು ಈ ಕಡೆ ಇದ್ದದ್ದು ಆ ಕಡೆಗೆ ತಿರುಗಿರುತ್ತದೆ. ಒಂದು ತಪ್ಪಿಗೆ ಇಡೀ ಉತ್ತರವನ್ನೇ ಹೊಡೆದುಹಾಕುತ್ತಿದ್ದ ನನಗೆ, ಉಳಿದುದನ್ನೆಲ್ಲ ಇದ್ದಂತೆಯೇ ಬಿಟ್ಟು ಒಂದನ್ನೇ ತಿರುಗಿಸುವ ಈ ಸಂಯಮ ತುಸು ಮುಜುಗರ ತಂದಿತು.

"ಅಂದರೆ ಕಿಣ್ವವೂ ಒಂದು ಅಚ್ಚು," ಎಂದೆ, ತಿಳಿದವನಂತೆ.

"ಅಚ್ಚಲ್ಲರಿ ಸರ, ಕೈ ಅದು. ನಡುವ ಲೋಹ ಸಕ್ಕರೀನ ಹಿಡಕೊಂಡಿರ್ತೈತಿ. ಒಂದು ಬೆರಳು ಈ ಮಗ್ಗಲಿಂದ ಹೈಡ್ರೋಜನ್ ಕಿತ್ತರ, ಇನ್ನೊಂದು ಆ ಮಗ್ಗಲಿಂದ ಕೊಡ್ತೈತಿ. ಹಂಗಂತ ನನ್ನ ಊಹೆ. ಖರೇನೋ ಸುಳ್ಳೋ, ಹರಳು ಸಿಕ್ಕರ ಗೊತ್ತಾಗೂದು."

ಕಿಣ್ವದ ರಚನೆಯನ್ನು ಕ್ಷ-ಕಿರಣದಿಂದ ಕಾಣಬೇಕಾದರೆ ಮೊದಲು ಅದು ಹರಳುಗಟ್ಟಬೇಕು. ಹಿಂದೊಮ್ಮೆ ಸೂಜಿಯಂಥ ಹರಳುಗಳ ಕಂತೆ ಬಂದಿತ್ತು, ಉಪಯೋಗಕ್ಕೆ ಬಾರದ್ದು. ಅಂದಿನಿಂದ ಒಂದೂವರೆ ವರ್ಷ ಅವಳು ಕಿಣ್ವದ ದ್ರಾವಣವನ್ನು ಶುದ್ಧೀಕರಿಸುತ್ತಲೇ ಇದ್ದಳು; ಹರಳು ಮಾತ್ರ ಕಟ್ಟಿರಲಿಲ್ಲ. ಏಪ್ರಿಲ್ ಮುಗಿಯುವುದರೊಳಗೆ ರಚನೆ ತಿಳಿಯದಿದ್ದರೆ ವಿಷಯವನ್ನೇ ಬದಲಿಸಬೇಕೆಂದು ಮಾರ್ಗದರ್ಶಕರು ಹೇಳಿಬಿಟ್ಟಿದ್ದರು.

ಸಂಕ್ರಾಂತಿ ಹತ್ತಿರ ಬಂತು. ಎಳ್ಳಿನ ಜೊತೆ ಬೀರುವ ಸಕ್ಕರೆ ಅಚ್ಚು ಹೊಯ್ಯುವ ಹೊಣೆಯನ್ನು ನಾನೇ ಹೊತ್ತೆ. ಪಾಕಕ್ಕೆ ಹಾಲು ಬಿಟ್ಟು ಕೊಳೆ ತೆಗೆದು, ತೆಳು ಬಟ್ಟೆಯಲ್ಲಿ ನಾಲ್ಕು ಸಲ ಸೋಸಿ, ಗಡಿಯಾರ ನೋಡಿ ತಿರುವಿದೆ. ಮರದ ಅಚ್ಚಿಗೆ ಹೊಯ್ದದ್ದು ಗಿಳಿಯಾಗಲಿಲ್ಲ. ಬಿಚ್ಚಿದೊಡನೆ ನನ್ನ ಪಂಚೆಯ ಮೇಲೆ ಹರಿಯಿತು. ನೋಡಲೆಂದು ಕೆಳಗಿಳಿದು ಬಂದಿದ್ದ ಶೈಲಜಾ ನಕ್ಕಳು. ನನ್ನ ಪತ್ನಿ ಪದ್ಮ ನಗಲಿಲ್ಲ.

"ಅದೆಷ್ಟು ಸಲ ಸೋಸ್ತೀರ್ರೀ? ಸರೀರಿ ಆ ಕಡೆ!" ಎಂದವಳೇ ಹೋದ ವರ್ಷದ ಮುರುಕು ಅಚ್ಚೊಂದನ್ನು ಪುಡಿಮಾಡಿ, ಉಳಿದ ಪಾಕಕ್ಕೆ ಒಂದು ಚಿಟಿಕೆ ಉದುರಿಸಿ ತಿರುವಿದಳು. "ಮೊದಲು ಒಬ್ರು ಕೂತ್ರೆ ತಾನೇ ಮಿಕ್ಕೋರು ಪಕ್ಕಕ್ಕೆ ಬಂದು ಕೂರೋದು? ಯಾವ್ ಮದುವೆ ಮನೆ ಪಂಕ್ತೀಲೂ ನೋಡಿಲ್ವಾ?" ಪಾಕ ಕಣ್ಣೆದುರೇ ಬೆಳ್ಳಗಾಯಿತು.

ಶೈಲಜಾಳ ನಗು ನಿಂತಿತು. "ಅಕ್ಕಾರ, ನಾ ಲ್ಯಾಬಿಗೆ ಹೋಗಿ ಬರ್ತೀನ್ರಿ."

"ಊಟ?"

"ಆ ಸೂಜಿಕಂತಿ ಇನ್ನೂ ಐತ್ರಿ! ಪುಡಿ ಮಾಡ್ತೀನಿ!" ಮಾತು ಗೇಟಿನಿಂದ ಕೇಳಿತು.

ಈ ಉಪಾಯ ಅವಳ ಪುಸ್ತಕದಲ್ಲಿಯೂ ಇತ್ತಂತೆ. ಆದರೆ ಅವಳೂ ನನ್ನಂಥವಳೇ. ಕಷ್ಟಪಟ್ಟು ಶುದ್ಧಗೊಳಿಸಿದ ದ್ರಾವಣಕ್ಕೆ ಕೆಟ್ಟ ಹರಳಿನ ಪುಡಿ ಬೆರೆಸಲು ಮನಸ್ಸೊಪ್ಪಿರಲಿಲ್ಲ. ತಪ್ಪಾದೀತೆಂದು ಬಾಯಿಯನ್ನೇ ತೆರೆಯದೆ ಕುಳಿತಿದ್ದ ಎಷ್ಟು ಮಕ್ಕಳನ್ನು ನಾನು ಶಿಸ್ತಿನವರೆಂದು ಹೊಗಳಿದ್ದೆನೋ!

ಮಾರ್ಚಿನಲ್ಲಿ ಹರಳು ಬಂತು. ಮುಂದಿನ ತಿಂಗಳು ಒಂದು ಸಂಜೆ ಅವಳು ರಚನೆಯ ಚಿತ್ರವನ್ನು ತಂದು ನಮ್ಮ ಊಟದ ಮೇಜಿನ ಮೇಲೆ ಹರಡಿದಳು. ಲೋಹ ನಡುವೆ, ಬೆರಳುಗಳೆರಡು ಇಬ್ಬದಿಗೆ, ಥೇಟ್ ಅವಳ ಊಹೆಯಂತೆ.

"ಸರ, ತಪ್ಪೇನರ ಐತೇನ್ರಿ?"

ಅಭ್ಯಾಸಬಲದಿಂದ ಕೆಂಪು ಪೆನ್ನು ತೆಗೆದೆ. ಚಿತ್ರವನ್ನು ಇದ್ದಂತೆಯೇ ಬಿಟ್ಟು, ಅವಳು ಬರೆಯಲು ಮರೆತದ್ದೊಂದನ್ನು ಮಾತ್ರ ಕೆಳಗೆ ಸೇರಿಸಿದೆ: ೧೯ ಏಪ್ರಿಲ್ ೨೦೦೪, ಸೋಮವಾರ.