ಆಂಟಿಗೆ ಅರ್ಥವಾಗದ ಕಂಪನಿ

ಮೊನ್ನೆ ಸ್ಯಾನ್ ಡಿಯಾಗೊ ಪಕ್ಕದ ಪೊವೇಯ ನಮ್ಮ ಮನೆಯ ಗರಾಜ್ ಗುಡಿಸುವಾಗ ಹಳೆಯ ಪೆಟ್ಟಿಗೆಯೊಂದರಲ್ಲಿ ಒಂದು ಕಂಪನಿಯ ವಾರ್ಷಿಕ ವರದಿಯ ಪ್ರಿಂಟ್ ಸಿಕ್ಕಿತು. ಅಂಚಿನಲ್ಲಿ ಪೆನ್ಸಿಲಿನ ದುಂಡನೆಯ ಅಕ್ಷರ: ‘ಲಾಭ ಎಲ್ಲಿ?’ ನಾಲ್ಕೈದು ಪುಟ ಬಿಟ್ಟು ಮತ್ತೆ ಅದೇ ಪ್ರಶ್ನೆ. ಮೊದಲು ನಾವಿದ್ದ ಸೆರಿಟೋಸ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಂಕಲ್ ಕಣ್ಣ ಮುಂದೆ ಬಂದು ನಿಂತರು...

ಉಡುಪಿ ಕಡೆಯವರು, ಟೊರೆನ್ಸ್‌ನಲ್ಲಿ ವಿಮಾನದ ಬಿಡಿಭಾಗ ಮಾಡುವ ಕಡೆ ಎಂಜಿನಿಯರಾಗಿದ್ದು ನಿವೃತ್ತರಾದವರು. ೨೦೨೧ರ ಆ ದಿನಗಳಲ್ಲಿ ಇಂಟರ್ನೆಟ್ ಕಂಪನಿಗಳ ಷೇರು ಹಾಲಿನಂತೆ ಉಕ್ಕುತ್ತಿತ್ತು. ಕನ್ನಡದವರು ನಾಲ್ಕು ಜನ ಹಿತ್ತಲಲ್ಲಿ ಸೇರಿದರೂ ಅದೇ ಮಾತು. ಅಂಕಲ್ ಮಾತ್ರ ನಂಬುತ್ತಿರಲಿಲ್ಲ. ಅವರದೊಂದು ಪರೀಕ್ಷೆ ಇತ್ತು. ಕಂಪನಿ ಏನು ಮಾರುತ್ತದೆ, ದುಡ್ಡು ಹೇಗೆ ಬರುತ್ತದೆ ಎಂಬುದನ್ನು ಅವರ ಹೆಂಡತಿಗೆ ಕನ್ನಡದಲ್ಲಿ ಹೇಳಬೇಕು. ಆಂಟಿ ತಲೆದೂಗಿದರೆ ಪಾಸು. ನಾವು ಬೆನ್ನ ಹಿಂದೆ ನಗುತ್ತಿದ್ದೆವು.

ನನಗೆ ಆಗಷ್ಟೇ ಸ್ಯಾನ್ ಡಿಯಾಗೊದಲ್ಲಿ ಕೆಲಸ ಸಿಕ್ಕಿತ್ತು. ಪೊವೇಯಲ್ಲಿ ಮನೆ ಕೊಳ್ಳಲೆಂದು ಗಂಡನೂ ನಾನೂ ಎಂಟು ವರ್ಷ ಉಳಿಸಿದ್ದ ಡೌನ್ ಪೇಮೆಂಟಿನ ದುಡ್ಡನ್ನು ಅಷ್ಟನ್ನೂ ಒಂದೇ ಕಂಪನಿಯ ಷೇರಿಗೆ ಸುರಿಯಲು ಹೊರಟಿದ್ದೆ. ಅಂಕಲ್ ಮುಂದೆ ಬಾಯಿಬಿಟ್ಟಿದ್ದೇ ತಪ್ಪಾಯಿತು. ಅವರು ಆ ಕಂಪನಿಯ ವಾರ್ಷಿಕ ವರದಿಯನ್ನು ಪ್ರಿಂಟ್ ತೆಗೆದು ಓದಿ, ನನ್ನನ್ನು ಆಂಟಿಯ ಮುಂದೆ ಕೂರಿಸಿದರು. ಆಂಟಿ ಬಸಳೆ ಸೊಪ್ಪು ಹೆಚ್ಚುತ್ತಿದ್ದರು.

‘ಇದೊಂದು ಪ್ಲಾಟ್‌ಫಾರ್ಮ್ ಆಂಟಿ, ಯೂಸರ್ ಗ್ರೋತ್...’

‘ಕನ್ನಡದಲ್ಲಿ ಹೇಳು ಮಾರಾಯ್ತಿ,’ ಎಂದರು ಅಂಕಲ್.

ತಡವರಿಸುತ್ತ ಹೇಳಿದೆ. ಆಂಟಿ ಪೂರ್ತಿ ಕೇಳಿ, ‘ಅಂದ್ರೆ ನೂರು ರೂಪಾಯಿಯ ಸಾಮಾನು ಎಂಬತ್ತಕ್ಕೆ ಮಾರುದು. ಜನ ಜಾಸ್ತಿ ಬಂದ ಹಾಗೆ ನಷ್ಟವೂ ಜಾಸ್ತಿ ಅಲ್ವಾ?’ ಎಂದರು.

ಮೈಯೆಲ್ಲ ಉರಿದುಹೋಯಿತು. ರ‍್ಯಾಂಕ್ ಬಂದವಳು ನಾನು. ಅಂಕಲ್ ಆ ಪ್ರಿಂಟನ್ನು ನನ್ನ ಕೈಗೇ ಕೊಟ್ಟು ಕಳಿಸಿದರು. ಆಂಟಿಯ ಲೆಕ್ಕ ತಪ್ಪೆನ್ನಲಾಗದೆ ದುಡ್ಡನ್ನು ಬ್ಯಾಂಕಿನಲ್ಲೇ ಬಿಟ್ಟೆ. ಎರಡು ತಿಂಗಳು ಆ ಷೇರು ಇನ್ನೂ ಏರಿತು, ಆ ಎರಡು ತಿಂಗಳೂ ನಾನು ಅಂಕಲ್ ಕಂಡರೆ ಮುಖ ತಿರುಗಿಸುತ್ತಿದ್ದೆ. ಮರುವರ್ಷ ಅದು ನೆಲಕಚ್ಚಿತು. ನಾವು ಚಿಕ್ಕದಾದರೂ ನಮ್ಮದೇ ಮನೆ ಕೊಂಡೆವು. ಅಂಕಲ್ ಗೃಹಪ್ರವೇಶಕ್ಕೆ ಬಂದು ಹೊಟ್ಟೆತುಂಬ ಉಂಡು, ಷೇರಿನ ಮಾತೇ ಎತ್ತದೆ ಹೋದರು. ನಾನೂ ಕ್ಷಮೆ ಕೇಳಲಿಲ್ಲ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹೋದ ವರ್ಷ ಅವರು ತೀರಿಕೊಂಡರು. ಆಂಟಿಯನ್ನು ಮಾತಾಡಿಸಲು ಹೋದಾಗ, ‘ಅಂಕಲ್‌ನಿಂದ ನಮ್ಮ ಮನೆ ಉಳೀತು ಆಂಟಿ,’ ಎಂದೆ.

‘ಎರಡು ಸಾವಿರದ ಇಸವಿ ಹೊತ್ತಿಗೆ, ಆ ಡಾಟ್‌ಕಾಂ ಷೇರಿನ ಹುಚ್ಚಿನ ಕಾಲದಲ್ಲಿ ಇವರೂ ಹೀಗೇ ಒಂದು ಕಂಪನಿ ಹಿಡ್ಕೊಂಡು ಬಂದಿದ್ರು,’ ಎಂದರು ಆಂಟಿ. ‘ಅದು ಎಂತ ಮಾರುದು ಅಂತ ಕೇಳಿದೆ. ನಿಂಗೆ ಅರ್ಥ ಆಗುದಿಲ್ಲ, ಸುಮ್ನಿರು ಅಂದ್ರು. ನಮ್ಮ ಮೊದಲಿನ ಮನೆ ಹೋದದ್ದು ಅದರಲ್ಲೇ. ಮತ್ತೆ ನಂಗೆ ಹೇಳದೆ ಒಂದು ಷೇರು ಮುಟ್ಟಿದವರಲ್ಲ. ಇಪ್ಪತ್ತು ವರ್ಷ ಕೂತು ಓದಿ ಹೇಳಿದ್ರು... ಈಗ ನನ್ನತ್ರ ಯಾರೂ ಎಂತದೂ ಕೇಳುದಿಲ್ಲ.’

ನಾವು ಬೆನ್ನ ಹಿಂದೆ ನಗುತ್ತಿದ್ದ ಪರೀಕ್ಷೆಯ ಆ ಪ್ರಶ್ನೆ ಮೂಲದಲ್ಲಿ ಆಂಟಿಯದು ಎಂದು ನನಗೆ ತಿಳಿದದ್ದು ಆವತ್ತು.

ಈಗ ಎಐ ಷೇರುಗಳ ಭರಾಟೆ. ನಾನು ಅಷ್ಟು ಸುಲಭಕ್ಕೆ ಮರುಳಾಗುವವಳಲ್ಲ. ಆದರೂ ಪ್ರತಿ ಭಾನುವಾರ ಆಂಟಿಗೆ ಫೋನ್ ಮಾಡಿ ಒಂದೊಂದು ಕಂಪನಿಯ ಕಥೆ ಹೇಳುತ್ತೇನೆ. ಇದುವರೆಗೆ ಎರಡೇ ಪಾಸಾಗಿವೆ. ಅಂಕಲ್ ಇಲ್ಲದ ಆ ಮನೆಯಲ್ಲಿ ಆಂಟಿ ಸ್ವಲ್ಪ ಜೋರಾಗಿ ಮಾತಾಡುವುದು ಆಗ ಮಾತ್ರ.