ಬದನೆ ಮಡಿಯಲ್ಲಿ ಖಾಸಿಂಬಿಯ ಕೋಳಿಗಳು

ಬೆಳಿಗ್ಗೆ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದೆ. ಬೇರಿಗಂಟಿದ ಹಸಿ ಮಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಅತ್ತೆ ಕಣ್ಣ ಮುಂದೆ ಬಂದು ನಿಂತರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಪೊರಕೆ, ಬಾಯಲ್ಲಿ ಬೈಗುಳ. ನೀವು ಹೆದರಬೇಡಿ, ಬೈಗುಳವೆಲ್ಲ ಕೋಳಿಗಳಿಗೆ.

ಮಹಾರಾಜರ ಕಾಲದ ಮಾತು. ನಾನು ಆಗಷ್ಟೇ ಮದುವೆಯಾಗಿ ಚಿತ್ರದುರ್ಗಕ್ಕೆ ಬಂದಿದ್ದೆ. ಅಡುಗೆ ಬಾರದ ಸೊಸೆ ಎಂಬ ಹೆಸರು ಬೇಗನೆ ಬಂತು, ಹಾಗಾಗಿ ಹೆಚ್ಚು ಹೊತ್ತು ಹಿತ್ತಲಲ್ಲೇ ಇರುತ್ತಿದ್ದೆ. ಅಲ್ಲಿ ಅತ್ತೆಯ ಸೊಪ್ಪಿನ ಮಡಿಗಳು, ಬದನೆ ಗಿಡಗಳು. ಮೋಟುಗೋಡೆಯಾಚೆ ಖಾಸಿಂಬಿಯ ಮನೆ. ಗಂಡ ತೀರಿಕೊಂಡ ಮೇಲೆ ಮೊಟ್ಟೆ ಮಾರಿಯೇ ಆಕೆಯ ಜೀವನ. ಕೋಳಿಗಳಿಗೆ ಗೋಡೆಯೆಂದರೆ ಒಂದು ನೆಗೆತ.

"ಲೇ ಖಾಸಿಂಬಿ, ಮೆಂತ್ಯ ಮಡಿನೆಲ್ಲ ಕೆದ್ರಿ ಹಾಕ್ಯವೆ, ಬಂದ್ ನೋಡು!"

"ಅವುಕ್ಕೇನ್ ಗೊತ್ತೈತಕ್ಕ, ನಿಮ್ದು ಯಾವ್ದು, ನಮ್ದು ಯಾವ್ದು ಅಂತ?"

ಒಂದು ದಿನ ಖಾಸಿಂಬಿ ಅಳುತ್ತಾ ಬಂದಳು. ಹಿರಿಯೂರಿನಲ್ಲಿದ್ದ ಮಗಳಿಗೆ ಹೆರಿಗೆ ಕಷ್ಟವಾಗಿದೆಯೆಂದು ಸುದ್ದಿ ಬಂದಿತ್ತು. "ಕೋಳಿ ಯಾರ ಕೈಲಿ ಬಿಡ್ಲಕ್ಕ?" ಎಂದಳು.

"ಮೊದ್ಲು ಗಾಡಿ ಹತ್ತು. ನಾನಿದೀನಿ" ಎಂದರು ಅತ್ತೆ.

ಆಕೆ ಅತ್ತ ಹೋದದ್ದೇ, ಇತ್ತ ಬದನೆಗೆ ಹುಳ ಬಿದ್ದಿತು. ಮಾವ ಹೊಗೆಸೊಪ್ಪು ಕುದಿಸಿ, ಆ ನೀರು ಎರಚಲು ಹೊರಟರು. ಅತ್ತೆ ಅಡ್ಡ ನಿಂತರು. "ಏನ್ರೀ, ಆ ನೀರು ಬಿದ್ದ ಹುಳ ತಿಂದ್ರೆ ಕೋಳಿ ಉಳಿತಾವಾ? ಅವನ್ನೇ ಮಡಿಗೆ ಬಿಡಾಣ. ಹುಳ ಅವೇ ಆರಿಸ್ಕೊಳ್ಲಿ."

"ಲಿಂಗ ಕಟ್ಟಿರೋ ಮನ್ಯಾಗೆ ಕೋಳಿ ಸಾಕ್ತೀಯೇನೆ?"

"ಹಿತ್ಲಾಗೆ ಬಿಡ್ತೀನಿ, ಒಲೆ ಮೇಲಲ್ಲ!"

ಮಾವ ಪಾತ್ರೆ ಕೆಳಗಿಟ್ಟರು. ಅತ್ತೆಯೂ ನಾನೂ ಎಳೆಯ ಸೊಪ್ಪಿನ ಸುತ್ತ ಜಾಲಿಮುಳ್ಳಿನ ಬೇಲಿ ಕಟ್ಟಿ, ಬಲಿತ ಬದನೆ ಗಿಡಗಳ ನಡುವೆ ಕೋಳಿ ಬಿಟ್ಟೆವು. ಹುಳ ಕಡಿಮೆಯಾಯಿತು. ಒಂದೆರಡು ಕಾಯಿಗೂ ಕುಕ್ಕಿದವು. ಅತ್ತೆ ನೋಡಿಯೂ ನೋಡದಂತಿದ್ದರು. ಸಂಜೆಯಾದರೆ ಮುಂಗುಸಿಯ ಭಯ. ಒಂದೊಂದನ್ನೇ ಹಿಡಿದು, ಬುಟ್ಟಿ ಮುಚ್ಚಿ, ಮೇಲೆ ಕಲ್ಲು ಹೇರಿ, ಆಮೇಲೆ ಸ್ನಾನ ಮಾಡಿ ಪೂಜೆಗೆ ಕೂರುತ್ತಿದ್ದರು.

ಖಾಸಿಂಬಿ ಮರಳಿದಾಗ ಮಗಳೂ ಮಗುವೂ ಚೆನ್ನಾಗಿದ್ದರು. ಬದನೆ ಗಿಡದ ನೆರಳಲ್ಲಿ ಕೋಳಿಗಳನ್ನು ಕಂಡು ಆಕೆ ಅತ್ತೆಯ ಕೈ ಹಿಡಿದುಕೊಂಡಳು. ಇನ್ನು ಅಕ್ಕನಿಗೆ ತೊಂದರೆ ಬೇಡವೆಂದು ಮಾರನೆಯ ದಿನ ಕೋಳಿಗಳನ್ನು ತನ್ನಂಗಳದಲ್ಲೇ ಕೂಡಿಹಾಕಿದಳು. ನಮ್ಮ ಹಿತ್ತಲು ಭಣಗುಟ್ಟಿತು. ಅತ್ತೆ ಎರಡು ಸಲ ಹೊರಗೆ ಬಂದರು, ಒಳಗೆ ಹೋದರು. ಕೊನೆಗೆ ತಡೆಯಲಾರದೆ ಕೂಗಿದರು: "ಖಾಸಿಂಬೀ, ಕೋಳಿ ಬಿಡಲ್ವೇನೆ ಇವತ್ತು?"

ಇಲ್ಲಿ ಈಗ ನಮ್ಮ ಎದುರು ಮನೆಗೆ ಹೊಸಬರು ಬಂದು ಕೆಲವು ದಿನಗಳಾದವು. ಅವರೇ ಮಾತಾಡಿಸಲಿ ಎಂದು ಸುಮ್ಮನಿದ್ದೆ. ಸೊಪ್ಪು ಬಿಡಿಸಿಟ್ಟು, ನಾನೇ ಹೋಗಿ ಮಾತಾಡಿಸಿ ಬರುತ್ತೇನೆ.